ಕಣ, ಕಲ್ಲು, ಕೂಲಿ: ಜೆರುಸಲೇಮಿನ ದೇವಾಲಯ ನಮಗೆ ಕಲಿಸುವ ಪಾಠಗಳು

(ನವೆಂಬರ್ 9: ಲಾತೆರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬ)



ಪ್ರತಿ ವರ್ಷ ನವೆಂಬರ್ 9ರಂದು ಧರ್ಮಸಭೆಯು ರೋಮ್ ನಗರದ ಲಾತೆರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವನ್ನು ಕೊಂಡಾಡುತ್ತದೆ. ಇದು ಸಂತರೊಬ್ಬರ ಹಬ್ಬವಲ್ಲ, ಒಂದು ಕಟ್ಟಡದ ಹಬ್ಬ. ರೋಮಿನ ಧರ್ಮಾಧ್ಯಕ್ಷರಾದ ಜಗದ್ಗುರುಗಳ ಪ್ರಧಾನಾಲಯ ಸಂತ ಪೇತ್ರರ ಮಹಾದೇವಾಲಯವೆಂದು ನಮ್ಮಲ್ಲಿ ಅನೇಕರು ತಿಳಿದಿರುತ್ತೇವೆ. ವಾಸ್ತವವಾಗಿ ಅದು ಲಾತೆರಾನ್. ಕ್ರಿ.ಶ. 324ರಲ್ಲಿ ಜಗದ್ಗುರು ಒಂದನೆಯ ಸಿಲ್ವೆಸ್ಟರ್‌ರವರು ಅದನ್ನು ಪ್ರತಿಷ್ಠಾಪಿಸಿದರು. ಹಿಂಸೆಯ ಕಾಲ ಮುಗಿದು ಕ್ರೈಸ್ತರು ಬಹಿರಂಗವಾಗಿ ಆರಾಧಿಸಲು ಆರಂಭಿಸಿದ ದಿನಗಳ ಕಟ್ಟಡವದು.

ರೋಮಿನ ಕಟ್ಟಡದ ಹಬ್ಬವನ್ನು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಇರುವ ನಾವು ಏಕೆ ಆಚರಿಸಬೇಕು? ಕಲ್ಲು ಗಾರೆಯ ಗೋಡೆಗೆ ಹಬ್ಬವೇ? ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ಲಾತೆರಾನಿಗಿಂತಲೂ ಬಹಳ ಹಿಂದಕ್ಕೆ ಹೋಗಬೇಕು. ಇಂದಿನಿಂದ ಸುಮಾರು 3000 ವರ್ಷಗಳ ಹಿಂದೆ ಜೆರುಸಲೇಮಿನ ಬೆಟ್ಟದ ಮೇಲೆ ಸೊಲೊಮೋನ ಅರಸನು ಕಟ್ಟಿಸಿದ ದೇವಾಲಯದ ಚರಿತ್ರೆಯನ್ನು ಓದಬೇಕು. ಅದರ ಬಂಗಾರದ ವೈಭವವನ್ನು ಬೋಧನೆಗಳಲ್ಲಿ ನಾವು ಅನೇಕ ಸಲ ಕೇಳಿದ್ದೇವೆ. ಈ ಹಬ್ಬದಲ್ಲಿ ಅದರ ನೆಲವನ್ನು, ಕಲ್ಲನ್ನು, ಕಲ್ಲು ಹೊತ್ತವರನ್ನು ಕುರಿತು ಧ್ಯಾನಿಸೋಣ.

ಕಣದ ಮೇಲೆ ನಿಂತ ಮನೆ

ದೇವಾಲಯಕ್ಕೆ ಸ್ಥಳ ಸಿಕ್ಕಿದ್ದು ಹೇಗೆ? ದಾವೀದ ಅರಸನು ತನ್ನ ಸೈನ್ಯಬಲವನ್ನು ತಿಳಿಯಬೇಕೆಂಬ ಗರ್ವದಿಂದ ಜನಗಣತಿ ಮಾಡಿಸಿದನು. ನಾಡಿಗೆ ಮಾರಕ ವ್ಯಾಧಿ ಬಂತು. ಆ ವ್ಯಾಧಿ ನಿಂತದ್ದು ಅರೌನನೆಂಬ ರೈತನ ಕಣದ ಬಳಿ. ಅರೌನನು ಇಸ್ರಯೇಲನಲ್ಲ, ಆ ಊರಿನ ಮೂಲನಿವಾಸಿಯಾದ ಯೆಬೂಸಿಯನು. ಅರಸನೇ ಕಣಕ್ಕೆ ಬಂದಾಗ ಅವನು ನೆಲ, ಎತ್ತು, ನೊಗ ಎಲ್ಲವನ್ನೂ ಪುಕ್ಕಟೆಯಾಗಿ ಕೊಡಲು ಮುಂದಾದನು. ದಾವೀದನು ಒಪ್ಪಲಿಲ್ಲ. ತನ್ನ ಕೈಯಿಂದ ಏನೂ ಖರ್ಚಾಗದ ಬಲಿಯನ್ನು ದೇವರಿಗೆ ಅರ್ಪಿಸುವುದಿಲ್ಲವೆಂದು ಹೇಳಿ, ಕಣಕ್ಕೂ ಎತ್ತುಗಳಿಗೂ 50 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟನು. ಆ ಕಣವಿದ್ದ ಜಾಗದಲ್ಲಿಯೇ ಮುಂದೆ ದೇವಾಲಯ ಎದ್ದಿತೆಂದು ಪೂರ್ವಕಾಲದ ವೃತ್ತಾಂತ ಗ್ರಂಥವು ತಿಳಿಸುತ್ತದೆ.

ಕಣವೆಂದರೇನೆಂದು ಸಿರುಗುಪ್ಪದ ಕುಟುಂಬಗಳಿಗೆ ವಿವರಿಸಬೇಕಾಗಿಲ್ಲ. ಈ ಹಬ್ಬ ಬರುವ ಹೊತ್ತಿಗೆ ತುಂಗಭದ್ರೆಯ ಕಾಲುವೆಯ ಗದ್ದೆಗಳಲ್ಲಿ ಭತ್ತ ತೆನೆ ಬಾಗಿ ನಿಂತಿರುತ್ತದೆ. ಈಗ ಕೊಯ್ಲಿಗೆ ಯಂತ್ರಗಳು ಬಂದಿವೆ, ಭತ್ತ ರಸ್ತೆಯ ಮೇಲೆಯೇ ಒಣಗುತ್ತದೆ. ಆದರೆ ನಮ್ಮ ಹಿರಿಯರಿಗೆ ಕಣದ ನೆನಪು ಇದೆ. ಗಾಳಿ ಚೆನ್ನಾಗಿ ಬೀಸುವ ಜಾಗ ನೋಡಿ, ಸಗಣಿ ಸಾರಿಸಿ, ತೆನೆ ಬಡಿದು, ತೂರಿ, ರಾಶಿ ಮಾಡುತ್ತಿದ್ದರು. ರಾಶಿ ಮನೆಗೆ ಹೋಗುವ ಮುಂಚೆ ಬಡಿಗ, ಕಮ್ಮಾರ, ಕುಂಬಾರ, ಕ್ಷೌರಿಕ, ತಳವಾರ ಹೀಗೆ ಊರಿನ ಆಯಗಾರರೆಲ್ಲರಿಗೂ ಅವರವರ ಪಾಲು ಅಳೆಯಲಾಗುತ್ತಿತ್ತು. ಕೂಲಿಯವರ ಕಾಳು ಅಲ್ಲಿಯೇ ಸಲ್ಲುತ್ತಿತ್ತು. ಆ ಪದ್ಧತಿಯಲ್ಲಿ ಮೇಲುಕೀಳಿನ ಅನ್ಯಾಯ ಬೇಕಾದಷ್ಟಿತ್ತು, ಅದನ್ನು ನಾವು ಮರೆಮಾಚಬಾರದು. ಕೆಲವರ ಪಾಲು ದೂರದಿಂದಲೇ ಬೀಳುತ್ತಿತ್ತು. ಆದರೂ ದುಡಿದವರ ಪಾಲು ಮೊದಲು, ಯಜಮಾನನ ಕಣಜ ಆಮೇಲೆ ಎಂಬ ತಿಳಿವಳಿಕೆಯಾದರೂ ಕಣದಲ್ಲಿತ್ತು.

ದಾವೀದನ ಮುತ್ತಜ್ಜಿ ರೂತಳೂ ಪರಕೀಯಳಾಗಿ ಬಂದು, ಬೆತ್ಲೆಹೇಮಿನ ಹೊಲದಲ್ಲಿ ಹಕ್ಕಲು ತೆನೆ ಆಯ್ದು ಅತ್ತೆಯನ್ನು ಸಾಕಿದವಳು. ಇಂಥ ಮನೆತನದ ಅರಸನು ಪರಕೀಯನೊಬ್ಬನ ಕಣವನ್ನು ಕಸಿದುಕೊಳ್ಳದೆ ಬೆಲೆ ಕೊಟ್ಟು ಕೊಂಡನು. ದೇವರ ಮನೆಯ ಚರಿತ್ರೆ ಆರಂಭವಾಗುವುದು ಹೀಗೆ ನ್ಯಾಯವಾದ ಒಂದು ವ್ಯವಹಾರದಿಂದ. ಇದು ಮೊದಲನೆಯ ಪಾಠ.

ಸದ್ದಿಲ್ಲದೆ ಸೇರಿದ ಕಲ್ಲುಗಳು

ಸೊಲೊಮೋನನು ತನ್ನ ಆಳ್ವಿಕೆಯ 4ನೆಯ ವರ್ಷದಲ್ಲಿ ಕೆಲಸ ಆರಂಭಿಸಿ 11ನೆಯ ವರ್ಷದಲ್ಲಿ ಮುಗಿಸಿದನು. ಕ್ರಿ.ಪೂ. 10ನೆಯ ಶತಮಾನದ ಮಧ್ಯಭಾಗವದು. ದೇವಾಲಯದ ಉದ್ದ 60 ಮೊಳ, ಅಗಲ 20 ಮೊಳ, ಎತ್ತರ 30 ಮೊಳ. ಇಂದಿನ ಅಳತೆಯಲ್ಲಿ ಸುಮಾರು 90 ಅಡಿ ಉದ್ದ, 30 ಅಡಿ ಅಗಲ, 45 ಅಡಿ ಎತ್ತರ. ನಮ್ಮ ಅನೇಕ ಧರ್ಮಕೇಂದ್ರಗಳ ದೇವಾಲಯಗಳು ಇದಕ್ಕಿಂತ ಅಗಲವಾಗಿವೆ! ಜನರು ಒಳಗೆ ಸೇರುತ್ತಿರಲಿಲ್ಲ, ಅಂಗಳದಲ್ಲಿ ನಿಂತು ಪ್ರಾರ್ಥಿಸುತ್ತಿದ್ದರು. ಮುಖಮಂಟಪ, ಪವಿತ್ರಸ್ಥಳ, ಅದರ ಹಿಂದೆ ಅತಿಪವಿತ್ರಸ್ಥಳ ಎಂಬ ಇದೇ ವಿನ್ಯಾಸದ ಪುರಾತನ ಗುಡಿಯೊಂದನ್ನು ಪುರಾತತ್ವ ಶಾಸ್ತ್ರಜ್ಞರು ಉತ್ತರ ಸಿರಿಯಾದ ಐನ್ ದಾರಾ ಎಂಬಲ್ಲಿ ಅಗೆದು ತೆಗೆದಿದ್ದಾರೆ.

ಅರಸುಗಳ ಮೊದಲನೆಯ ಗ್ರಂಥದ 6ನೆಯ ಅಧ್ಯಾಯದಲ್ಲಿ ಒಂದು ವಿಶೇಷ ಸಂಗತಿ ಇದೆ. ಕಲ್ಲುಗಳನ್ನು ಗಣಿಯಲ್ಲಿಯೇ ಪೂರ್ತಿ ಕೆತ್ತಿ ತರುತ್ತಿದ್ದುದರಿಂದ ದೇವಾಲಯ ಕಟ್ಟುವ ಜಾಗದಲ್ಲಿ ಸುತ್ತಿಗೆ, ಕೊಡಲಿ ಮುಂತಾದ ಯಾವ ಕಬ್ಬಿಣದ ಉಪಕರಣದ ಸದ್ದೂ ಕೇಳಿಸಲಿಲ್ಲ.

ಕುರುಗೋಡಿನ ಗುಡ್ಡಗಳ ಕೆಳಗೆ ಬೆಳೆದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ನಮ್ಮದು ಕಲ್ಲಿನ ಸೀಮೆ. ಬಳ್ಳಾರಿಯ ಕೋಟೆ ನಿಂತಿರುವುದೇ ಬಂಡೆಗಲ್ಲಿನ ಗುಡ್ಡದ ಮೇಲೆ. ನಗರದ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ತಾಣಗಳಿವೆ. ಸೊಲೊಮೋನನು ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಅಲ್ಲಿ ಕಲ್ಲು ಕುಟ್ಟುವ ಸದ್ದು ಕೇಳಿಸುತ್ತಿತ್ತು. ಕುರುಗೋಡಿನಲ್ಲಿ 12ನೆಯ ಶತಮಾನದ ಸಿಂದ ಅರಸರ ಕಾಲದ ಕಲ್ಲಿನ ಗುಡಿಗಳಿವೆ. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಗುಳಿಗಳನ್ನು ಇಂದಿಗೂ ನೋಡಬಹುದು. ಆ ಗುಳಿಗಳಲ್ಲಿ ಬೆಣೆ ಹೊಡೆದು ಬಂಡೆಯನ್ನು ನೇರವಾಗಿ ಸೀಳುತ್ತಿದ್ದರು. ಜೆರುಸಲೇಮಿನದು ಸುಣ್ಣಕಲ್ಲು, ಅಗೆದು ತೆಗೆಯುವಾಗ ಮೆದು. ನಮ್ಮದು ಗಟ್ಟಿ ಗ್ರಾನೈಟ್. ಎರಡು ಕಡೆಯೂ ಕಲ್ಲುಕುಟಿಗನ ಕೈಯ ಬೊಬ್ಬೆ ಒಂದೇ, ಕಣ್ಣಿಗೆ ಸಿಡಿಯುವ ಚೂರು ಒಂದೇ.

ಈ ನಿಶ್ಶಬ್ದವನ್ನು ಧರ್ಮಬೋಧಕರು ಬಹಳ ಹಿಂದಿನಿಂದ ಆತ್ಮಿಕವಾಗಿ ವಿವರಿಸುತ್ತ ಬಂದಿದ್ದಾರೆ. ಕಲ್ಲು ದೇವಾಲಯಕ್ಕೆ ಬರುವ ಮೊದಲು ಗಣಿಯಲ್ಲಿ ಹದವಾಗಬೇಕು. ನಮಗೂ ಗಣಿ ಎಂದರೆ ಮನೆ. ಗಂಡಹೆಂಡಿರ ನಡುವಿನ ಕ್ಷಮೆ, ಅತ್ತೆ ಸೊಸೆಯರ ಹೊಂದಾಣಿಕೆ, ಮಕ್ಕಳೊಡನೆ ಸಂಜೆಯ ಜಪಸರ, ಪ್ರಾಮಾಣಿಕವಾದ ಪಾಪನಿವೇದನೆ, ಇವೆಲ್ಲ ಉಳಿಪೆಟ್ಟುಗಳು. ಅಲ್ಲಿ ಕೆತ್ತಿಸಿಕೊಂಡವರು ಭಾನುವಾರ ಬಲಿಪೂಜೆಯಲ್ಲಿ ಒಬ್ಬರ ಪಕ್ಕ ಒಬ್ಬರು ಸದ್ದಿಲ್ಲದೆ ಕೂಡುತ್ತಾರೆ. ಕೆತ್ತಿಸಿಕೊಳ್ಳದೆ ಬಂದರೆ ದೇವಾಲಯದಲ್ಲಿಯೇ ಸುತ್ತಿಗೆಯ ಸದ್ದು ಆರಂಭವಾಗುತ್ತದೆ. ಹಬ್ಬದ ಸಮಿತಿಯಲ್ಲಿ, ಗಾಯನ ವೃಂದದಲ್ಲಿ, ಮುಂದಿನ ಬೆಂಚಿನ ವಿಷಯದಲ್ಲಿ ಆ ಸದ್ದನ್ನು ನಾವು ಕೇಳಿಲ್ಲವೇ?

ಹೊರೆ ಹೊತ್ತವರ ಲೆಕ್ಕ

ಆದರೆ ಆ ನಿಶ್ಶಬ್ದಕ್ಕೆ ಇನ್ನೊಂದು ಮುಖವಿದೆ. ಅಂಗಳದಲ್ಲಿ ಪ್ರಾರ್ಥಿಸುತ್ತಿದ್ದವರಿಗೆ ಸುತ್ತಿಗೆಯ ಸದ್ದು ಕೇಳಿಸದ ಹಾಗೆ, ಸುತ್ತಿಗೆ ಹಿಡಿದವನ ನಿಟ್ಟುಸಿರೂ ಕೇಳಿಸಲಿಲ್ಲ. ದೇವರ ವಾಕ್ಯ ಮಾತ್ರ ಅವರನ್ನು ಮರೆಯದೆ ಲೆಕ್ಕವಿಟ್ಟಿದೆ. ಲೆಬನೋನಿನ ದೇವದಾರು ಕಾಡಿಗೆ 30,000 ಬಿಟ್ಟಿ ಆಳುಗಳು, ತಿಂಗಳಿಗೆ 10,000 ಮಂದಿಯ ಸರದಿಯಂತೆ. ಒಂದು ತಿಂಗಳು ಕಾಡಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ಹೊರೆ ಹೊರುವವರು 70,000 ಮಂದಿ. ಬೆಟ್ಟದಲ್ಲಿ ಕಲ್ಲು ಕಡಿಯುವವರು 80,000 ಮಂದಿ. ಇವರ ಮೇಲೆ 3,300 ಮೇಸ್ತ್ರಿಗಳು. ಎಲ್ಲರ ಮೇಲೆ ಬಿಟ್ಟಿ ಕೆಲಸದ ಅಧಿಕಾರಿ ಅದೋನಿರಾಮ. ಹೊರೆಯವರೂ ಕಲ್ಲು ಕಡಿಯುವವರೂ ನಾಡಿನಲ್ಲಿ ವಾಸವಾಗಿದ್ದ ಪರಕೀಯರೆಂದು ಪೂರ್ವಕಾಲದ ವೃತ್ತಾಂತ ಗ್ರಂಥವು ಹೇಳುತ್ತದೆ. ಈಜಿಪ್ಟಿನಲ್ಲಿ ಬಿಟ್ಟಿ ಮಾಡಿ ಅತ್ತಿದ್ದ ಜನಾಂಗವೇ ತನ್ನ ನಾಡಿನ ಪರಕೀಯರ ಹೆಗಲ ಮೇಲೆ ಕಲ್ಲು ಹೊರಿಸಿತು.

ಖರ್ಚನ್ನು ತೂಗಿಸಿದವರು ಯಾರು? ತೂರಿನ ಅರಸ ಹೀರಾಮನಿಗೆ ಮರದ ಬದಲಾಗಿ ಪ್ರತಿ ವರ್ಷ 20,000 ಕೋರ್ ಅಳತೆಯ ಗೋದಿ ಹೋಗುತ್ತಿತ್ತು. ಅದು ರೈತರ ಕಣದಿಂದ ಹೋದ ಗೋದಿ. ಕೊನೆಗೆ ಸೊಲೊಮೋನನು ಗಲಿಲೇಯ ಸೀಮೆಯ 20 ಊರುಗಳನ್ನೇ ಹೀರಾಮನಿಗೆ ಕೊಟ್ಟನು. ದೇವಾಲಯಕ್ಕೆ 7 ವರ್ಷ ಹಿಡಿದರೆ ಅರಸನ ಸ್ವಂತ ಅರಮನೆಗೆ 13 ವರ್ಷ ಹಿಡಿಯಿತು. ಒಮ್ಮೆ ಹೇರಿದ ನೊಗವನ್ನು ದೇವಾಲಯ ಮುಗಿದ ಮೇಲೂ ಯಾರೂ ಇಳಿಸಲಿಲ್ಲ.

ಪ್ರತಿಷ್ಠಾಪನೆಯ ದಿನ ಸೊಲೊಮೋನನು ಸಲ್ಲಿಸಿದ ಪ್ರಾರ್ಥನೆ ಬಹು ಸುಂದರವಾದುದು. ಆಕಾಶವೂ ಹಿಡಿಸಲಾರದ ದೇವರಿಗೆ ಈ ಮನೆ ಸಾಕಾಗದೆಂದು ಅವನು ಒಪ್ಪಿಕೊಂಡನು. ದೂರದಿಂದ ಬರುವ ಪರಕೀಯನ ಮೊರೆಯನ್ನೂ ಆಲಿಸಬೇಕೆಂದು ಬೇಡಿಕೊಂಡನು. ಆದರೆ ಬೆಟ್ಟದಲ್ಲಿ ಕಲ್ಲು ಹೊರುತ್ತಿದ್ದ ಪರಕೀಯನ ಮೊರೆ ಅರಸನ ಕಿವಿಗೇ ಮುಟ್ಟಿರಲಿಲ್ಲ! ನಮ್ಮ ಪ್ರಾರ್ಥನೆಯ ಮಾತುಗಳಿಗೂ ನಮ್ಮ ಲೆಕ್ಕದ ಪುಸ್ತಕಕ್ಕೂ ಎಷ್ಟು ದೂರವಿರಬಲ್ಲುದೆಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೇ?

ಇದರ ಫಲ ಸೊಲೊಮೋನನ ಮರಣದ ನಂತರ, ಕ್ರಿ.ಪೂ. 930ರ ಸುಮಾರಿಗೆ ಕಂಡಿತು. ಜನರು ಅವನ ಮಗ ರೆಹಬ್ಬಾಮನ ಬಳಿ ಬಂದು, ತಂದೆ ಹೊರಿಸಿದ ಭಾರವಾದ ನೊಗವನ್ನು ಹಗುರ ಮಾಡಬೇಕೆಂದು ಬೇಡಿದರು. ಹಿರಿಯರು ಹಗುರ ಮಾಡೆಂದರು, ಜೊತೆಯಲ್ಲಿ ಬೆಳೆದ ಗೆಳೆಯರು ಬಿಗಿ ಮಾಡೆಂದರು. ರೆಹಬ್ಬಾಮನು ಗೆಳೆಯರ ಮಾತು ಕೇಳಿದನು. ದಂಗೆಯೆದ್ದ ಜನರನ್ನು ಸರಿಪಡಿಸಲು ಅವನು ಕಳುಹಿಸಿದ್ದು ಯಾರನ್ನು? ಬಿಟ್ಟಿ ಕೆಲಸದ ಅದೇ ಅಧಿಕಾರಿಯನ್ನು! ಜನರು ಅವನನ್ನು ಕಲ್ಲೆಸೆದು ಕೊಂದರು. ಹತ್ತು ಕುಲಗಳು ಬೇರೆಯಾದವು. ಅವರ ನಾಯಕನಾದ ಯಾರೊಬ್ಬಾಮನು ಹಿಂದೆ ಇದೇ ಬಿಟ್ಟಿ ಆಳುಗಳ ಮೇಲ್ವಿಚಾರಕನಾಗಿದ್ದವನು. ನೋವು ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದೇವಾಲಯ ಕಟ್ಟಿದ ರಾಜ್ಯ ದೇವಾಲಯ ಕಟ್ಟಿದ ರೀತಿಯಿಂದಲೇ ಒಡೆಯಿತು.

ಪ್ರಿಯರೇ, ಇದು ನಮಗೆ ದೂರದ ಕಥೆಯಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಕಟ್ಟಡದ ಕೂಲಿಗೆ ಹೋಗುವ ಕುಟುಂಬಗಳು ಎಷ್ಟಿಲ್ಲ? ಕಲ್ಲುಗಣಿಯ ಧೂಳು ಕುಡಿದು ಎದೆ ಕೆಟ್ಟವರು ಎಷ್ಟಿಲ್ಲ? ನಮ್ಮಲ್ಲಿ ಹೆಚ್ಚಿನವರು ಸೊಲೊಮೋನನ ಅರಮನೆಯವರಲ್ಲ, ಆ 80,000 ಮಂದಿಯ ಕಡೆಯವರು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯ್ದೆ ಬಂದಿತ್ತು. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಲು ಅರ್ಹರು. ನಮ್ಮ ಧರ್ಮಕೇಂದ್ರದಲ್ಲಿ ಹೊಸ ದೇವಾಲಯವೋ ಸಭಾಭವನವೋ ಏಳುವಾಗ, ಕಲ್ಲು ಹೊರುವ ತಾಯಂದಿರ ಹೆಸರು ನೋಂದಣಿಯಾಗಿದೆಯೇ, ಶನಿವಾರದ ಬಟವಾಡೆ ಸರಿಯಾಗಿ ಆಗಿದೆಯೇ, ಅವರ ಮಕ್ಕಳಿಗೆ ನೆರಳಿದೆಯೇ ಎಂದು ವಿಚಾರಿಸುವುದೂ ಆರಾಧನೆಯ ಭಾಗವೇ. ಕೂಲಿ ಕೊಡದೆ ಮನೆ ಕಟ್ಟಿಸಿದ ಅರಸನನ್ನು ಪ್ರವಾದಿ ಯೆರೆಮೀಯನು ಎಷ್ಟು ಕಟುವಾಗಿ ಖಂಡಿಸಿದನೆಂಬುದನ್ನು ಮರೆಯಬಾರದು.

ರಂಧ್ರ ಕೊರೆದ ಪೆಟ್ಟಿಗೆ

ದೇವಾಲಯದ ಚರಿತ್ರೆಯಲ್ಲಿ ಸಮಾಧಾನ ಕೊಡುವ ಒಂದು ಪ್ರಸಂಗವೂ ಇದೆ. ಸೊಲೊಮೋನನ ನಂತರ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದು, ಯೋವಾಷ ಅರಸನ ದಿನಗಳಲ್ಲಿ ದೇವಾಲಯ ಶಿಥಿಲವಾಗಿತ್ತು. ಕಾಣಿಕೆಯ ಹಣದಿಂದ ದುರಸ್ತಿ ಮಾಡಿಸಬೇಕೆಂದು ಯಾಜಕರಿಗೆ ಅಪ್ಪಣೆಯಾಗಿತ್ತು. ಅರಸನ ಆಳ್ವಿಕೆಯ 23ನೆಯ ವರ್ಷ ಬಂದರೂ ದುರಸ್ತಿ ಆಗಲೇ ಇಲ್ಲ. ಆಗ ಯಾಜಕ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ರಂಧ್ರ ಕೊರೆದು ಬಲಿಪೀಠದ ಪಕ್ಕದಲ್ಲಿ ಇಡಿಸಿದನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಪ್ರಧಾನ ಯಾಜಕನೂ ಕೂಡಿ ಎಣಿಸಿ, ಬಡಗಿ, ಗಾರೆಯವ, ಕಲ್ಲುಕುಟಿಗರಿಗೆ ಸಲ್ಲಿಸುತ್ತಿದ್ದರು. ಬೆಳ್ಳಿ ಬಟ್ಟಲು, ಬಂಗಾರದ ತುತೂರಿ ಮಾಡಿಸಲು ಆ ಹಣವನ್ನು ಮುಟ್ಟಲಿಲ್ಲ. ಮೊದಲು ಗೋಡೆ, ಮೊದಲು ಕೂಲಿ. ಕೆಲಸ ಮಾಡಿಸುತ್ತಿದ್ದವರು ಎಷ್ಟು ನಂಬಿಗಸ್ತರೆಂದರೆ ಅವರಿಂದ ಯಾರೂ ಲೆಕ್ಕ ಕೇಳಲಿಲ್ಲವಂತೆ.

ನಮ್ಮ ದೇವಾಲಯದ ಬಾಗಿಲ ಬಳಿಯ ಕಾಣಿಕೆ ಡಬ್ಬಿಯ ಪೂರ್ವಜ ಈ ಪೆಟ್ಟಿಗೆ. ಇಬ್ಬರು ಕೂಡಿ ಎಣಿಸಿದ್ದು ಯಾರ ಮೇಲಿನ ಸಂಶಯದಿಂದಲೂ ಅಲ್ಲ, ಬಡವರ ಕಾಸಿನ ಮೇಲಿನ ಗೌರವದಿಂದ ಎಂದು ನಾವು ತಿಳಿಯೋಣ. ಗುರುಗಳೂ ಪಾಲನಾ ಸಮಿತಿಯವರೂ ಹಬ್ಬದ ಖರ್ಚನ್ನು ಸೂಚನಾ ಫಲಕದಲ್ಲಿ ಹಾಕಿದಾಗ ಯೆಹೋಯಾದನ ಒಳ್ಳೆಯ ಪದ್ಧತಿ ಮುಂದುವರಿಯುತ್ತದೆ.

ಕಲ್ಲಿನಿಂದ ದೇಹಕ್ಕೆ

ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಸೊಲೊಮೋನನ ದೇವಾಲಯವನ್ನು ಸುಟ್ಟರು. ಸೆರೆಯಿಂದ ಮರಳಿ ಬಂದವರು ಎರಡನೆಯ ದೇವಾಲಯದ ಕೆಲಸ ಆರಂಭಿಸಿ, ವಿರೋಧಕ್ಕೆ ಅಂಜಿ ಅರ್ಧಕ್ಕೆ ಬಿಟ್ಟರು. ಕ್ರಿ.ಪೂ. 520ರಲ್ಲಿ ಪ್ರವಾದಿ ಹಗ್ಗಾಯನು ಅವರನ್ನು ಎಚ್ಚರಿಸಿದನು. ಕ್ರಿ.ಪೂ. 515ರಲ್ಲಿ ಕೆಲಸ ಮುಗಿಯಿತು. ಈ ಸಲ ಸೊಲೊಮೋನನ ಬಂಗಾರವಿರಲಿಲ್ಲ. ಕುಟುಂಬಗಳ ಹಿರಿಯರು ಸ್ವಸಂತೋಷದಿಂದ, ಕೈಲಾದಷ್ಟು ಕೊಟ್ಟರು. ಅಸ್ತಿವಾರ ಹಾಕಿದ ದಿನ ಹಳೆಯ ವೈಭವ ಕಂಡಿದ್ದ ವೃದ್ಧರು ಅತ್ತರು, ಕಿರಿಯರು ಹರ್ಷದಿಂದ ಕೂಗಿದರು. ಅಳು ಯಾವುದು, ಹರ್ಷ ಯಾವುದು ಎಂದು ಗುರುತಿಸಲಾಗಲಿಲ್ಲವಂತೆ.

ಈ ಎರಡನೆಯ ದೇವಾಲಯವನ್ನೇ ಹೆರೋದನು ಕ್ರಿ.ಪೂ. 20ರ ಸುಮಾರಿನಿಂದ ಭವ್ಯವಾಗಿ ವಿಸ್ತರಿಸಿದನು. ಮಾತೆ ಮರಿಯ ಹಾಗೂ ಸಂತ ಜೋಸೆಫರು ಬಾಲಯೇಸುವನ್ನು ತಂದು ಅರ್ಪಿಸಿದ್ದು ಅಲ್ಲಿಯೇ. ಬಡ ವಿಧವೆಯ ಎರಡು ಕಾಸನ್ನು ಯೇಸುಸ್ವಾಮಿ ಗಮನಿಸಿದ್ದೂ ಅಲ್ಲಿಯೇ. ವ್ಯಾಪಾರಿಗಳನ್ನು ಹೊರಗಟ್ಟಿ, ಈ ಮನೆ ಸಂತೆಯಲ್ಲವೆಂದು ಹೇಳಿದ್ದೂ ಅಲ್ಲಿಯೇ. ಹಬ್ಬದ ಶುಭಸಂದೇಶದಲ್ಲಿ ನಾವು ಓದುವುದು ಈ ಪ್ರಸಂಗವನ್ನು. ಅಂದು ಪ್ರಭುವು ತಮ್ಮ ದೇಹವೆಂಬ ದೇವಾಲಯವನ್ನು ಕುರಿತು ಮಾತಾಡಿದರು. ಒಂದು ಕಾಲದಲ್ಲಿ ಅರಸನೊಬ್ಬನು ಮರದ ಲೆಕ್ಕಕ್ಕೆ ಊರುಗಳನ್ನು ಬಿಟ್ಟುಕೊಟ್ಟಿದ್ದ ಅದೇ ಗಲಿಲೇಯ ಸೀಮೆಯಲ್ಲಿ, ಬಡಗಿಯ ಮನೆಯಲ್ಲಿ ಬೆಳೆದವರು ಅವರು. ಕ್ರಿ.ಶ. 70ರಲ್ಲಿ ರೋಮನರು ಆ ದೇವಾಲಯವನ್ನೂ ಕೆಡವಿದರು. ಅಷ್ಟರಲ್ಲಿ ಸಂತ ಪೌಲರೂ ಸಂತ ಪೇತ್ರರೂ ನಮಗೆ ಹೊಸ ಪಾಠ ಕಲಿಸಿದ್ದರು: ದೀಕ್ಷಾಸ್ನಾನ ಹೊಂದಿದ ಪ್ರತಿಯೊಬ್ಬನೂ ದೇವಾಲಯ, ಪ್ರತಿಯೊಬ್ಬಳೂ ಜೀವಂತ ಕಲ್ಲು. ಹಾಗಾದರೆ ಕೂಲಿಯವಳ ದೇಹವೂ ದೇವಾಲಯವೇ. ಆಕೆಯ ಮೇಲೆ ಹೆಚ್ಚು ಹೊರೆ ಹೊರಿಸಿ ದೇವರಿಗೆ ಮನೆ ಕಟ್ಟುವವನು ಒಂದು ದೇವಾಲಯವನ್ನು ಕೆಡವಿ ಇನ್ನೊಂದನ್ನು ಕಟ್ಟಿದಂತೆ.

ಬೀಳುತ್ತಿದ್ದ ಗೋಡೆಗೆ ಹೆಗಲು

ನಮ್ಮ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1949ರಲ್ಲಿ. ಮೊದಲ ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್‌ರವರು ಫ್ರಾನ್ಸಿಸ್ಕನ್ ಸಭೆಯವರು. ನಮ್ಮ ಪ್ರಧಾನಾಲಯದ ಪಾಲಕರಾದ ಸಂತ ಅಂತೋಣಿಯವರೂ ಅದೇ ಸಭೆಯವರು. ಆ ಸಭೆಯ ಸ್ಥಾಪಕರಾದ ಅಸ್ಸೀಸಿಯ ಸಂತ ಫ್ರಾನ್ಸಿಸರಿಗೂ ಇಂದಿನ ಹಬ್ಬಕ್ಕೂ ಒಂದು ನಂಟಿದೆ. ಲಾತೆರಾನ್ ದೇವಾಲಯ ಬೀಳುತ್ತಿರುವಂತೆಯೂ, ಬಡ ಸನ್ಯಾಸಿಯೊಬ್ಬನು ಅದಕ್ಕೆ ಹೆಗಲು ಕೊಟ್ಟು ನಿಂತಂತೆಯೂ ಜಗದ್ಗುರು ಮೂರನೆಯ ಇನ್ನೊಸೆಂಟರು ಕನಸು ಕಂಡರೆಂಬುದು ಪರಂಪರೆಯ ಮಾತು. ಧರ್ಮಸಭೆಯನ್ನು ದುರಸ್ತಿ ಮಾಡೆಂಬ ಕರೆ ಬಂದಾಗ ಫ್ರಾನ್ಸಿಸರು ಅದನ್ನು ಕಲ್ಲಿನ ಕೆಲಸವೆಂದೇ ತಿಳಿದು, ಮನೆ ಮನೆಗೆ ಹೋಗಿ ಕಲ್ಲು ಬೇಡಿ, ಸ್ವಂತ ಹೆಗಲ ಮೇಲೆ ಹೊತ್ತು ತಂದರು. ಬೇರೆಯವರ ಹೆಗಲ ಮೇಲೆ ಹೊರಿಸಲಿಲ್ಲ. ಸೊಲೊಮೋನನಿಗೂ ಫ್ರಾನ್ಸಿಸರಿಗೂ ಇರುವ ವ್ಯತ್ಯಾಸ ಅಷ್ಟೇ, ಅದೇ ಬಹು ದೊಡ್ಡದು.

ಹೊಸ್ತಿಲಿನಿಂದ ಹರಿದ ನೀರು

ಹಬ್ಬದ ಮೊದಲನೆಯ ವಾಚನದಲ್ಲಿ ಪ್ರವಾದಿ ಯೆಜೆಕಿಯೇಲನು ದೇವಾಲಯದ ಹೊಸ್ತಿಲಿನ ಕೆಳಗಿನಿಂದ ನೀರು ಹೊರಡುವುದನ್ನು ಕಾಣುತ್ತಾನೆ. ಆ ಅಧ್ಯಾಯವನ್ನು ಪೂರ್ತಿ ಓದಿ ನೋಡಿ. 1000 ಮೊಳ ದೂರದಲ್ಲಿ ನೀರು ಹರಡಿನವರೆಗೆ, ಇನ್ನೂ 1000 ಮೊಳಕ್ಕೆ ಮೊಣಕಾಲಿನವರೆಗೆ, ಮತ್ತೆ 1000 ಮೊಳಕ್ಕೆ ಸೊಂಟದವರೆಗೆ, ಆಮೇಲೆ ದಾಟಲಾಗದ ಹೊಳೆ.

ನಮ್ಮ ರೈತರಿಗೆ ಇದು ಆಶ್ಚರ್ಯದ ಮಾತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಂದಿನಿಂದ ನಾವು ಕಂಡಿರುವುದು ಇದಕ್ಕೆ ವಿರುದ್ಧ. ತೂಬಿನ ಬಳಿ ಕಾಲುವೆ ತುಂಬಿರುತ್ತದೆ, ಹೋದಂತೆ ಹೋದಂತೆ ತೆಳುವಾಗುತ್ತದೆ, ಕೊನೆ ಭಾಗದ ರೈತ ಬರಿಯ ಕಾಲುವೆ ನೋಡುತ್ತ ಕೂಡುತ್ತಾನೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ನೀರು ನದಿಗೆ ಹರಿದಾಗ, ನಡುಗಿದ ಎದೆಗಳಲ್ಲಿ ಆ ಕೊನೆ ಭಾಗದವರವೂ ಇದ್ದವು. ಆದರೆ ದೇವರ ಮನೆಯ ಕಾಲುವೆ ಬೇರೆ ಬಗೆಯದು. ಅದು ದೂರ ಹೋದಷ್ಟೂ ತುಂಬುತ್ತದೆ, ಕೊನೆ ಭಾಗದಲ್ಲಿಯೇ ಆಳವಾಗುತ್ತದೆ, ಉಪ್ಪಿನ ಸಮುದ್ರವನ್ನೂ ಸಿಹಿಯಾಗಿಸುತ್ತದೆ.

ಇದೇ ನಮ್ಮ ಪ್ರಶ್ನೆಗೆ ಉತ್ತರ. ಬಲಿಪೀಠದಿಂದ ಹೊರಟ ಕೃಪೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನು ನೆನಪಿಸಲು ಧರ್ಮಸಭೆ ಕಟ್ಟಡದ ಹಬ್ಬ ಮಾಡುತ್ತದೆ. ಮುಂದಿನ ಬೆಂಚಿನಲ್ಲಿ ನಿಂತರೆ ಅದು ಬರಿಯ ಕಲ್ಲು. ಗಣಿಯ ಕೂಲಿಗೆ, ಗುಳೆ ಹೋದ ಕುಟುಂಬಕ್ಕೆ, ಊರ ಕೊನೆಯ ಮನೆಗೆ ಮುಟ್ಟಿದರೆ ಅದು ದೇವರ ಆಲಯ.

ಈ ಹಬ್ಬದ ಭಾನುವಾರ ಪರಮಪ್ರಸಾದ ಸ್ವೀಕರಿಸಿ ಹೊರಬರುವಾಗ ನಮ್ಮ ದೇವಾಲಯದ ಗೋಡೆಯನ್ನು ಒಮ್ಮೆ ಮುಟ್ಟಿ, ಅದನ್ನು ಕಟ್ಟಿದ ಹೆಸರಿಲ್ಲದ ಕೈಗಳಿಗಾಗಿ ಪ್ರಾರ್ಥಿಸೋಣ. ಅವರಲ್ಲಿ ಎಷ್ಟೋ ಮಂದಿ ನಮ್ಮ ಧರ್ಮದವರಲ್ಲದಿರಬಹುದು. ಅರೌನನೂ ಹಾಗೆಯೇ ಪರಕೀಯನು, ಲೆಬನೋನಿನ ಬಡಗಿಗಳೂ ಹಾಗೆಯೇ. ಅವರ ಬೆವರನ್ನು ದೇವರು ಲೆಕ್ಕವಿಟ್ಟಿದ್ದಾರೆ. ದುಡಿಯುವವರ ಪಾಲನ್ನು ಕಣದಲ್ಲಿಯೇ ಅಳೆದು ಕೊಡುವ ಮನಸ್ಸನ್ನೂ, ನಮ್ಮನ್ನು ಜೀವಂತ ಕಲ್ಲುಗಳಾಗಿ ಕೆತ್ತಿಸಿಕೊಳ್ಳುವ ತಾಳ್ಮೆಯನ್ನೂ ಸಂತ ಅಂತೋಣಿಯವರ ಮಧ್ಯಸ್ಥಿಕೆಯ ಮೂಲಕ ಪ್ರಭುವು ನಮ್ಮ ಎಲ್ಲ ಕುಟುಂಬಗಳಿಗೆ ದಯಪಾಲಿಸಲಿ. ಆಮೆನ್.